ವಾತಕ್ಕೆ ಮದ್ದಿಲ್ಲ ಎಂಬ ಸುಳ್ಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗಾದರೂ ಹೋಗಿ, ಬೆರಳ ಗೆಣ್ಣು ಬಾತುಕೊಂಡ ಹೆಂಗಸೊಬ್ಬಳ ಮಾತು ತೆಗೆದು ನೋಡಿ. ‘ಅದು ವಾತ ಕಣ್ರೀ, ವಾತಕ್ಕೆ ಮದ್ದಿಲ್ಲ’ ಎಂಬ ಉತ್ತರ ಅರಳಿಕಟ್ಟೆಯಿಂದ ಬರುತ್ತದೆ, ಮೆಡಿಕಲ್ ಶಾಪಿನ ಕೌಂಟರಿನಿಂದ ಬರುತ್ತದೆ, ಅತ್ತೆಯಿಂದ, ಗಂಡನಿಂದ, ಕೊನೆಗೆ ನೋವು ತಿನ್ನುತ್ತಿರುವ ಆ ಹೆಂಗಸಿನ ಬಾಯಿಂದಲೇ ಬರುತ್ತದೆ. ಕೆಲವೊಮ್ಮೆ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡವರೂ ಅದನ್ನೇ ಹೇಳಿ ಕಳಿಸುತ್ತಾರೆ. ಈ ಮಾತು ಸುಳ್ಳು. ಕೈಕಾಲು ಸೊಟ್ಟ ಮಾಡುವ ಸುಳ್ಳು. ಮದ್ದು ಇದೆ, ದಶಕಗಳಿಂದ ಇದೆ, ಅಗ್ಗವಾಗಿಯೇ ಇದೆ. ಅದನ್ನು ಸಕಾಲಕ್ಕೆ ಆ ಕೈಗೆ ಮುಟ್ಟಿಸಬೇಕೆಂಬ ಮನಸ್ಸು ಮಾತ್ರ ಇಲ್ಲ.

ಮೊದಲು ವಯಸ್ಸಿನ ಮಾತು. ‘ವಯಸ್ಸಾಯ್ತು, ಕೀಲು ಸವೆದಿದೆ’ ಎನ್ನುತ್ತಾರೆ. ಅರವತ್ತು ದಾಟಿದವರ ಮಂಡಿ ಸವೆಯುವುದು ನಿಜ. ಆದರೆ ರುಮಟಾಯ್ಡ್ ಸಂಧಿವಾತ ಸವೆತದ ಕಾಯಿಲೆ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಗುರಿತಪ್ಪಿ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ ಅದು. ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮಗಳಿಗೆ ಇನ್ನೂ ಮದುವೆಯಾಗಿಲ್ಲ, ಮಗ ಹೈಸ್ಕೂಲಿನಲ್ಲಿದ್ದಾನೆ ಎನ್ನುವ ವಯಸ್ಸು. ಅಂಥವಳಿಗೆ ‘ವಯಸ್ಸಾಯ್ತಲ್ಲವ್ವ’ ಎನ್ನುವವರಿಗೆ ಅವಳ ವಯಸ್ಸೂ ಗೊತ್ತಿಲ್ಲ, ಕಾಯಿಲೆಯೂ ಗೊತ್ತಿಲ್ಲ.

ಭಾರತದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಸಾವಿರ ವಯಸ್ಕರಲ್ಲಿ ಸುಮಾರು ಐದರಿಂದ ಏಳು ಜನರಿಗೆ ಈ ಕಾಯಿಲೆ ಇರುತ್ತದೆ. ಎರಡು ಸಾವಿರ ವಯಸ್ಕರ ಊರೊಂದರಲ್ಲಿ ಹತ್ತು ಹದಿನೈದು ಮಂದಿ. ನಾಲ್ಕೂ ತಾಲ್ಲೂಕು ಸೇರಿದರೆ ಸಾವಿರಗಟ್ಟಲೆ ಆಯಿತು. ಇಷ್ಟು ಜನರ ನೋವಿಗೆ ‘ಸಹಿಸ್ಕೋ’ ಎಂಬ ಒಂದೇ ಚೀಟಿ ಬರೆದುಕೊಟ್ಟು ಕೂತಿದ್ದೇವೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿ, ನ್ಯಾಮತಿ ಕಡೆಯ ಸುಲಿಯುವ ಮನೆಗಳನ್ನು ಕಂಡವರು ಆ ಕೈಗಳನ್ನು ನೆನಪಿಸಿಕೊಳ್ಳಲಿ. ಯಂತ್ರ ಬಂದಿದ್ದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು, ಹಸಿ ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಸೀಳಿ, ಹೆಬ್ಬೆರಳು ತೋರುಬೆರಳಲ್ಲಿ ತಿರುಳು ಎಬ್ಬಿಸಿ ಬುಟ್ಟಿಗೆ ಹಾಕಬೇಕು. ಪ್ರತಿ ಕಾಯಿಗೂ ಅದೇ ಒತ್ತು, ಅದೇ ಚಿವುಟು. ಸಂಧಿವಾತ ಮೊದಲು ಹಿಡಿಯುವುದು ಈ ಕೆಲಸ ಮಾಡುವ ಕೀಲುಗಳನ್ನೇ. ಬೆರಳ ತುದಿಗೆಣ್ಣನ್ನು ಸಾಮಾನ್ಯವಾಗಿ ಬಿಟ್ಟು ನಡುಗೆಣ್ಣು, ಬುಡದ ಗೆಣ್ಣು, ಮಣಿಕಟ್ಟು ಬಾತುಕೊಳ್ಳುತ್ತವೆ, ಅದೂ ಎರಡೂ ಕೈಯಲ್ಲಿ. ಬೆಳಿಗ್ಗೆ ಎದ್ದಾಗ ಕೈ ಮರಗಟ್ಟಿರುತ್ತದೆ. ಮುಷ್ಟಿ ಕಟ್ಟಲಾಗದು, ತಂಬಿಗೆ ಹಿಡಿಯಲಾಗದು, ಕುಪ್ಪಸದ ಹುಕ್ಕು ಹಾಕಲಾಗದು, ಎಮ್ಮೆ ಕರೆಯಲಾಗದು. ಬಿಸಿನೀರಲ್ಲಿ ಕೈ ಅದ್ದಿ ಅರ್ಧ ಗಂಟೆ, ಒಂದು ಗಂಟೆ ಕಳೆದ ಮೇಲೆ ಬೆರಳು ನಿಧಾನಕ್ಕೆ ಮಡಚುತ್ತವೆ. ಸವೆದ ಮಂಡಿಯ ನೋವು ಇದಕ್ಕೆ ತದ್ವಿರುದ್ಧ: ನಡೆದಷ್ಟೂ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ಸಂಧಿವಾತ ಕೂತಾಗ ಬಿಗಿಯುತ್ತದೆ, ಆಡಿಸಿದಾಗ ಸಡಿಲಾಗುತ್ತದೆ. ಇಷ್ಟನ್ನು ಕೇಳಿ ತಿಳಿಯಲು ಸ್ಕ್ಯಾನಿಂಗ್ ಬೇಕೆ? ಬೆರಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಒಮ್ಮೆ ಮೆಲ್ಲಗೆ ಅಮುಕಿ ನೋಡಲು ಎಷ್ಟು ನಿಮಿಷ ಬೇಕು?

ಆ ಒಂದು ನಿಮಿಷವನ್ನು ಯಾರೂ ಕೊಡುವುದಿಲ್ಲ, ಏಕೆಂದರೆ ಕಾರಣ ಮೊದಲೇ ತೀರ್ಮಾನವಾಗಿರುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷದಷ್ಟು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಊರಿಗೆ ಊರೇ ಗೋಡೆ ಹಿಡಿದು ನಡೆದ ವರ್ಷ ಅದು. ಅಂದಿನಿಂದ ಯಾರ ಕೀಲು ಬಾತರೂ ‘ಚಿಕೂನ್‌ಗುನ್ಯಾ ಉಳಿದುಬಿಟ್ಟಿದೆ’ ಎಂಬ ಮಾತು ರೂಢಿಯಾಯಿತು. ಆ ಜ್ವರದ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದು ನಿಜ, ಆದರೆ ಅದರ ನೆಪದಲ್ಲಿ ಹೊಸ ಸಂಧಿವಾತವನ್ನು ಮುಚ್ಚಿಡುವುದು ಅಪರಾಧ. ಜಗಳೂರಿನಲ್ಲಿ ಈ ನೆಪದ ಜಾಗಕ್ಕೆ ಫ್ಲೋರೈಡ್ ಬರುತ್ತದೆ. ಕೊಳವೆಬಾವಿಯ ನೀರಿನ ಫ್ಲೋರೈಡ್ ಸುಳ್ಳಲ್ಲ, ಅದರ ವಿರುದ್ಧದ ಹೋರಾಟವೂ ನ್ಯಾಯವಾದದ್ದೇ. ಆದರೆ ಬೆನ್ನು ಬಿಗಿದ ಇಪ್ಪತ್ತೈದರ ಹುಡುಗನಿಗೂ, ಬೆರಳು ಬಾತ ನಲವತ್ತರ ಹೆಂಗಸಿಗೂ ‘ನಮ್ಮ ನೀರೇ ಹಂಗೆ’ ಎಂದು ಕೈತೊಳೆದುಕೊಂಡರೆ ನೀರಿನ ಅನ್ಯಾಯಕ್ಕೆ ಇನ್ನೊಂದು ಅನ್ಯಾಯ ಸೇರಿಸಿದಂತೆ.

ಇನ್ನು ಸೂಜಿ. ಈ ಲೇಖನ ಬರೆಯಲು ನನ್ನನ್ನು ಹಚ್ಚಿದ್ದೇ ಆ ಸೂಜಿ. ಸಂತೆಯ ದಿನ ಬಂದು ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿಸಿಕೊಂಡು, ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ನಾಲ್ಕು ಬಗೆ ಗುಳಿಗೆ ಕಟ್ಟಿಸಿಕೊಂಡು ಹೋಗುವವರು ಎಷ್ಟು ಮಂದಿ! ಮಾರನೆಯ ದಿನ ನೋವು ಮಂಗಮಾಯ. ಹಸಿವು ಹೆಚ್ಚುತ್ತದೆ, ಮೈ ಹಗುರಾಗುತ್ತದೆ, ‘ಆ ಡಾಕ್ಟ್ರ ಕೈಗುಣ ಬಾಳ ಚಲೋ’ ಎಂಬ ಹೆಸರು ಹಬ್ಬುತ್ತದೆ. ಹತ್ತು ಹದಿನೈದು ದಿನಕ್ಕೆ ನೋವು ಮತ್ತೆ ಹಾಜರ್, ಮತ್ತೆ ಸೂಜಿ. ಅದು ಕೈಗುಣವಲ್ಲ, ಸ್ಟೀರಾಯ್ಡ್. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮೊದಲ ಸಂಧಿವಾತ ರೋಗಿಗೆ ಕಾರ್ಟಿಸೋನ್ ಚುಚ್ಚಿದ್ದು 1948ರಲ್ಲಿ. ಹಾಸಿಗೆ ಹಿಡಿದವರು ಎದ್ದು ನಡೆದದ್ದನ್ನು ಕಂಡು ಜಗತ್ತು ಬೆರಗಾಯಿತು, 1950ರಲ್ಲಿ ನೊಬೆಲ್ ಬಂತು. ಅದರ ಹಿಂದೆಯೇ ಅಡ್ಡಪರಿಣಾಮಗಳೂ ಕಂಡವು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ತಾಗುತ್ತದೆ, ಬಹುಕಾಲ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ತಜ್ಞರೂ ಸ್ಟೀರಾಯ್ಡ್ ಕೊಡುತ್ತಾರೆ, ಆದರೆ ಕಡಿಮೆ ಪ್ರಮಾಣದಲ್ಲಿ, ನಿಜವಾದ ಔಷಧ ಕೆಲಸಕ್ಕೆ ಹತ್ತುವವರೆಗೆ ಮಾತ್ರ, ನಿಲ್ಲಿಸುವ ಲೆಕ್ಕ ಮೊದಲೇ ಹಾಕಿಕೊಂಡು. ಇಲ್ಲಿ ಆ ನಿಜವಾದ ಔಷಧವೇ ಬರುವುದಿಲ್ಲ, ವರ್ಷಾನುಗಟ್ಟಲೆ ಸೂಜಿ ಮಾತ್ರ ಬರುತ್ತದೆ. ಜಗತ್ತು ಮುಕ್ಕಾಲು ಶತಮಾನ ಮುಂದೆ ಹೋಗಿದೆ. ನಮ್ಮ ತಾಲ್ಲೂಕಿನ ಹೆಂಗಸರನ್ನು 1948ರಲ್ಲೇ ನಿಲ್ಲಿಸಿಟ್ಟವರು ಯಾರು? ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾರಬಾರದೆಂಬ ನಿಯಮ ಇದೆ. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸಬಾರದೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನಕಲಿ ವೈದ್ಯರ ಮೇಲಿನ ದಾಳಿ ಪತ್ರಿಕೆಯಲ್ಲಿ ಒಂದು ದಿನದ ಸುದ್ದಿಯಾಗಿ ಮುಗಿಯುತ್ತದೆ. ಬೀಗ ಬಿದ್ದ ಕ್ಲಿನಿಕ್ಕಿನ ರೋಗಿಗಳು ಮುಂದೆ ಎಲ್ಲಿಗೆ ಹೋಗಬೇಕೆಂದು ಯಾರಾದರೂ ಹೇಳಿದ್ದಾರೆಯೇ?

‘ಇಂಗ್ಲಿಷ್ ಔಷಧ ಕಿಡ್ನಿ ಹಾಳು ಮಾಡ್ತದೆ’ ಎಂಬ ಹೆದರಿಕೆ ಇನ್ನೊಂದು. ಕಿಡ್ನಿಗೆ ನಿಜವಾಗಿ ಹೊಡೆತ ಕೊಡುವುದು ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಗಳು. ಅವನ್ನು ಮಾತ್ರ ನಾವು ಬೀಡಾ ಅಂಗಡಿಯಲ್ಲಿ ಕೊಂಡಷ್ಟು ಸಲೀಸಾಗಿ ಕೊಳ್ಳುತ್ತೇವೆ. ಹೆದರುವುದು ಮೆಥೋಟ್ರೆಕ್ಸೇಟಿಗೆ, ಅದು ‘ಕ್ಯಾನ್ಸರ್ ಗುಳಿಗೆ’ ಎಂದು. ಈ ಔಷಧದ ಬೇರು ನಮ್ಮ ನೆರೆಯಲ್ಲೇ ಇದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡಿಸಿದಾಗ ಹುಟ್ಟಿದ ಔಷಧಗಳ ಸಾಲಿನದು ಅದು. ರಕ್ತದ ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವ ಅದನ್ನೇ ಸಂಧಿವಾತಕ್ಕೆ ವಾರಕ್ಕೊಂದೇ ದಿನ, ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. 1985ರಲ್ಲಿ ದೊಡ್ಡ ಪರೀಕ್ಷೆಗಳು ಅದರ ಗುಣವನ್ನು ಸಾಬೀತು ಮಾಡಿದವು, 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಂಧಿವಾತಕ್ಕೆ ಅದನ್ನು ಒಪ್ಪಿತು. ಇವತ್ತಿಗೂ ಪ್ರಪಂಚದ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಸಾಮಾನ್ಯವಾಗಿ ಮೊದಲು ಬರೆಯುವುದು ಅದನ್ನೇ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಇದೆ, ಸಲ್ಫಾಸಲಜೀನ್ ಇದೆ. ಒಂದು ವಾರದ ಮೆಥೋಟ್ರೆಕ್ಸೇಟಿನ ಖರ್ಚು ಜಗಳೂರಿನಿಂದ ದಾವಣಗೆರೆಗೆ ಹೋಗುವ ಬಸ್ ಚಾರ್ಜಿಗಿಂತ ಕಡಿಮೆ.

ಎಚ್ಚರವೂ ಬೇಕು, ಅದನ್ನು ಬಚ್ಚಿಡುವುದು ನನ್ನ ವಾದಕ್ಕೆ ಬೇಕಿಲ್ಲ. ವಾರಕ್ಕೊಮ್ಮೆಯ ಗುಳಿಗೆಯನ್ನು ತಪ್ಪಿ ದಿನಾ ನುಂಗಿದರೆ ಸಾವೇ ಬರಬಹುದು. ಲಿವರ್, ರಕ್ತಕಣಗಳ ಪರೀಕ್ಷೆ ನಿಗದಿತ ಅವಧಿಗೆ ಆಗಬೇಕು. ಜೊತೆಗೆ ಫೋಲಿಕ್ ಆಮ್ಲ ಕೊಡಬೇಕು. ಗರ್ಭ ನಿಲ್ಲುವ ಯೋಚನೆ ಇದ್ದರೆ ಮೊದಲೇ ನಿಲ್ಲಿಸಬೇಕು. ಹೆಂಡ ಬಿಡಬೇಕು. ಇದನ್ನೆಲ್ಲ ಕನ್ನಡದಲ್ಲಿ ಕೂರಿಸಿಕೊಂಡು ಹೇಳುವವರು ಬೇಕು. ‘ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗಲ್ಲ’ ಎನ್ನುವ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಸೊಸೈಟಿ ಸಾಲದ ಬಡ್ಡಿ, ಭದ್ರಾ ನಾಲೆಯ ಸರದಿ, ಗೊಬ್ಬರ ಹಾಕುವ ದಿನ ಇವೆಲ್ಲವನ್ನೂ ಲೆಕ್ಕವಿಡುವ ಹೆಂಗಸಿಗೆ ‘ಸೋಮವಾರ ಮಾತ್ರ ಈ ಗುಳಿಗೆ’ ಎಂಬುದು ಅರ್ಥವಾಗುವುದಿಲ್ಲವೇ?

ಪಥ್ಯದ ಹೆಸರಿನಲ್ಲಿ ನಡೆಯುವುದನ್ನೂ ಹೇಳಬೇಕು. ಬದನೆಕಾಯಿ ಬೇಡ, ಆಲೂಗಡ್ಡೆ ಬೇಡ, ಬೇಳೆ ಬೇಡ, ಮೊಸರು ಬೇಡ, ಹುಳಿ ಬೇಡ. ಮೊದಲೇ ರಕ್ತಹೀನತೆ ಇರುವ ಹೆಂಗಸಿನ ತಟ್ಟೆಯಿಂದ ಒಂದೊಂದೇ ಎತ್ತಿ ಕೊನೆಗೆ ಬರೀ ರಾಗಿಮುದ್ದೆ, ಸಪ್ಪೆ ಸಾರು ಉಳಿಸುತ್ತಾರೆ. ಕಾಯಿಲೆ ತಗ್ಗುವುದಿಲ್ಲ, ಅವಳು ತಗ್ಗುತ್ತಾಳೆ. ನೋವು ಹೆಚ್ಚಾದರೆ ‘ಪಥ್ಯ ಮುರಿದಿರಬೇಕು’ ಎಂದು ತಪ್ಪನ್ನೂ ಅವಳ ತಲೆಗೇ ಕಟ್ಟುತ್ತಾರೆ. ಸಂಪ್ರದಾಯದ ಮಾತೆತ್ತುವವರು ಆಯುರ್ವೇದದ ಮಾಧವ ನಿದಾನವನ್ನಾದರೂ ನೋಡಲಿ. ಈ ಕಾಯಿಲೆಯನ್ನೇ ಹೋಲುವ ಆಮವಾತಕ್ಕೆ ಆ ಗ್ರಂಥ ಬೇರೆಯೇ ಅಧ್ಯಾಯ ಕೊಟ್ಟಿದೆ. ಎಲ್ಲ ಕೀಲುನೋವೂ ಒಂದೇ ಎಂದು ನಮ್ಮ ಹಳೆಯ ವೈದ್ಯರೂ ತಿಳಿದಿರಲಿಲ್ಲ. ಆ ವಿವೇಕ ಇಂದಿನ ನಮಗೆ ಇಲ್ಲವಾಗಿದೆ. ಲೇಬಲ್ ಇಲ್ಲದ ಡಬ್ಬಿಯಲ್ಲಿ ಪುಡಿ ಮಾರುವವರು ಅದಕ್ಕೆ ಸ್ಟೀರಾಯ್ಡ್ ಬೆರೆಸಿದರೆ ತಿನ್ನುವವರಿಗೆ ತಿಳಿಯುವ ದಾರಿಯೇ ಇಲ್ಲ.

ರೋಗನಿರೋಧಕ ವ್ಯವಸ್ಥೆ ಗುರಿತಪ್ಪಿ ಬೀಳುವುದು ಕೀಲಿನ ಮೇಲೆ ಮಾತ್ರವಲ್ಲ. ಲೂಪಸ್ ಎಂಬ ಸೋದರ ಕಾಯಿಲೆ ಹರೆಯದ ಹುಡುಗಿಯರ ಕೆನ್ನೆಯ ಮೇಲೆ ಕೆಂಪು ಕಲೆಯಾಗಿ ಬರುತ್ತದೆ. ಮನೆಯವರು ‘ಬಂಗು’ ಎಂದು ಅರಿಶಿನ ಹಚ್ಚುತ್ತಾರೆ, ಅಷ್ಟರಲ್ಲಿ ಅದು ಮೂತ್ರಪಿಂಡಕ್ಕೆ ಇಳಿದಿರುತ್ತದೆ. ಇದೇ ಗುಂಪಿನ ಇನ್ನೊಂದು ತೊಂದರೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟಿ ಗರ್ಭ ಮೇಲಿಂದ ಮೇಲೆ ಇಳಿಯುತ್ತದೆ. ಆಸ್ಪಿರಿನ್, ಹೆಪಾರಿನ್ ಕೊಟ್ಟರೆ ಬಹಳ ಮಂದಿ ಮಗು ಹೆರುತ್ತಾರೆ. ಕೊಡದಿದ್ದರೆ ನಾಗದೋಷ, ಬಂಜೆತನ, ಗಂಡನಿಗೆ ಎರಡನೇ ಮದುವೆ. ಒಂದು ರಕ್ತಪರೀಕ್ಷೆ ಬರೆಯದ ಕಾರಣಕ್ಕೆ ಒಂದು ಹೆಣ್ಣಿನ ಬಾಳು ಹೀಗೆ ಹರಿದುಹೋಗುವುದನ್ನು ಯಾವ ಲೆಕ್ಕದಲ್ಲಿ ಬರೆಯೋಣ? ಅತ್ತ ಹುಡುಗರ ಬೆನ್ನುಮೂಳೆಯನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಬೆಳಗಿನ ಜಾವ ಬೆನ್ನುನೋವಿಗೆ ಎಚ್ಚರಾಗುವ ಹುಡುಗನನ್ನು ‘ಡಿಸ್ಕ್’ ಎಂದೋ ಸೋಮಾರಿ ಎಂದೋ ಹಣೆಪಟ್ಟಿ ಕಟ್ಟಿ ವರ್ಷಗಟ್ಟಲೆ ಅಲೆಸುತ್ತಾರೆ.

ರಕ್ತಪರೀಕ್ಷೆಯ ಮಾತು ಬಂದದ್ದರಿಂದ ಒಂದು ಮಾತು. ಲ್ಯಾಬಿನವರು ‘ವಾತದ ಟೆಸ್ಟ್’ ಎಂದು ಎಎಸ್‌ಒ, ಆರ್‌ಎ ಫ್ಯಾಕ್ಟರ್ ಎರಡನ್ನೂ ಮಾಡಿಕೊಡುತ್ತಾರೆ. ಎಎಸ್‌ಒ ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತು, ಇದಕ್ಕೂ ಸಂಧಿವಾತಕ್ಕೂ ಸಂಬಂಧವಿಲ್ಲ. ಆರ್‌ಎ ಫ್ಯಾಕ್ಟರ್ ಆರೋಗ್ಯವಂತರಲ್ಲೂ ಬರಬಹುದು, ಕಾಯಿಲೆ ಇದ್ದವರಲ್ಲಿ ಬಾರದೆಯೂ ಇರಬಹುದು. ‘ನೆಗೆಟಿವ್ ಬಂತು, ನಿಂಗೇನೂ ಇಲ್ಲ ಹೋಗಮ್ಮ’ ಎಂದು ಬಾತ ಕೈ ಮುಟ್ಟದೆ ಕಳಿಸುವವರು ಕಾಗದ ನೋಡಿದರೇ ಹೊರತು ರೋಗಿಯನ್ನು ನೋಡಲಿಲ್ಲ. ಆರ್‌ಎ ಫ್ಯಾಕ್ಟರಿಗಿಂತ ಖಚಿತವಾದ ಆ್ಯಂಟಿ-ಸಿಸಿಪಿ ಪರೀಕ್ಷೆ ಬಂದು ಕಾಲು ಶತಮಾನ ದಾಟಿತು. ಕೀಲು ನೋಯುವ ವರ್ಷಗಳ ಮುಂಚೆಯೇ ಅದು ಕೆಲವರಲ್ಲಿ ಪಾಸಿಟಿವ್ ಬರುತ್ತದೆ.

ಈ ಹೊತ್ತಿಗೆ ಹೊರಗಿನ ಜಗತ್ತು ಎಲ್ಲಿದೆ ನೋಡಿ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಉರಿಯೂತ ಹಚ್ಚುವ ಟಿಎನ್‌ಎಫ್ ಎಂಬ ಒಂದೇ ಅಣುವನ್ನು ತಡೆದು ಸಂಧಿವಾತವನ್ನು ಹತೋಟಿಗೆ ತಂದರು. ಆ ದಾರಿಯಲ್ಲಿ ಬಂದ ಅಡಾಲಿಮುಮ್ಯಾಬ್ ಎಂಬ ಔಷಧದ ಮೊದಲ ತದ್ರೂಪವನ್ನು 2014ರಲ್ಲಿ ಮಾರುಕಟ್ಟೆಗೆ ತಂದದ್ದು ಭಾರತದ ಕಂಪನಿಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಡಾಲಿಮುಮ್ಯಾಬನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಾಯಲ್ಲಿ ನುಂಗುವ ಟೋಫಾಸಿಟಿನಿಬ್ ಬಂತು, ಅದನ್ನೂ ನಮ್ಮ ಕಂಪನಿಗಳು ಮಾಡುತ್ತಿವೆ. ಜರ್ಮನಿಯ ಎರ್‌ಲಾಂಗೆನ್‌ನಲ್ಲಿ ಲೂಪಸ್ ರೋಗಿಗಳ ರಕ್ತಕಣಗಳನ್ನೇ ತೆಗೆದು ತಿದ್ದಿ ಮರಳಿ ಕೊಟ್ಟು, ಉಳಿದ ಔಷಧ ನಿಲ್ಲಿಸುವ ಮಟ್ಟಕ್ಕೆ ತಂದಿದ್ದಾರೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು, ಸಂಧಿವಾತ ಬರುವ ಸೂಚನೆ ಇದ್ದವರಿಗೆ ಮುಂಚೆಯೇ ಅಬಾಟಾಸೆಪ್ಟ್ ಎಂಬ ಔಷಧ ಕೊಟ್ಟು ಕಾಯಿಲೆಯನ್ನು ಮುಂದೂಡಬಹುದೆಂದು ತೋರಿಸಿದವು. 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು, ರೋಗನಿರೋಧಕ ವ್ಯವಸ್ಥೆ ಸ್ವಂತ ಮೈಯ ಮೇಲೆ ಬೀಳದಂತೆ ತಡೆಯುವ ಕಾವಲು ಕಣಗಳನ್ನು ಗುರುತಿಸಿದ ಶಿಮೋನ್ ಸಕಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ. ಕಾಯಿಲೆ ಹುಟ್ಟುವ ಮೊದಲೇ ತಡೆಯುವ ಪ್ರಯತ್ನ ಅಲ್ಲಿ. ಬೆರಳು ಪೂರ್ತಿ ಸೊಟ್ಟಗಾದ ಮೇಲೂ ‘ಮದ್ದಿಲ್ಲ’ ಎಂಬ ಮಾತು ಇಲ್ಲಿ.

ಕೋಟಿ ಬೆಲೆಯ ಚಿಕಿತ್ಸೆಯನ್ನು ಹೊನ್ನಾಳಿಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಅಗ್ಗದ ಗುಳಿಗೆಯನ್ನು ತಡಮಾಡದೆ ತನ್ನಿ ಎನ್ನುತ್ತಿದ್ದೇನೆ. ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳೇ ಮುಖ್ಯ. ಆಗ ಮೆಥೋಟ್ರೆಕ್ಸೇಟ್ ಹಿಡಿದವರಲ್ಲಿ ಬಹಳ ಮಂದಿಯ ಕೀಲು ಉಳಿಯುತ್ತದೆ. ಮೂಳೆ ಕೊರೆಯಲು ಶುರುವಾಗುವುದು ಬಹುಪಾಲು ಮೊದಲ ಎರಡು ವರ್ಷದಲ್ಲಿ, ಕೊರೆದ ಮೂಳೆಯನ್ನು ಮರಳಿ ತುಂಬುವ ಔಷಧ ಯಾವ ದೇಶದಲ್ಲೂ ಇಲ್ಲ. ನಮ್ಮವರು ಆ ಎರಡು ವರ್ಷವನ್ನು ಎಲ್ಲಿ ಕಳೆಯುತ್ತಾರೆ? ಸೂಜಿಯಲ್ಲಿ, ಎಣ್ಣೆಯಲ್ಲಿ, ಪಥ್ಯದಲ್ಲಿ, ಹರಕೆಯಲ್ಲಿ.

ಸರ್ಕಾರದ ಮೇಲಿನ ಆರೋಪ ಇದಕ್ಕಿಂತ ದೊಡ್ಡದು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ಹೃದಯ, ಶ್ವಾಸಕೋಶ, ಕಿಡ್ನಿ, ಲಿವರ್ ಎಲ್ಲಕ್ಕೂ ಜಾಗ ಸಿಕ್ಕಿತು. ಸಂಧಿವಾತಕ್ಕೆ ಸಿಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕಾಯಿಲೆಯ ತಜ್ಞರ ಹುದ್ದೆಯೇ ಇಲ್ಲ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಒಳರೋಗಿಯಾದಾಗ ಕೆಲಸಕ್ಕೆ ಬರುತ್ತದೆ. ಹೊರರೋಗಿಯಾಗಿ ವರ್ಷಗಟ್ಟಲೆ ಗುಳಿಗೆ ನುಂಗಬೇಕಾದವಳಿಗೆ ಅದರಿಂದ ಏನು ಪ್ರಯೋಜನ? ಇದೇ ಸರ್ಕಾರ ಕೈ ಪೂರ್ತಿ ಸೊಟ್ಟಗಾದ ಮೇಲೆ ವೈದ್ಯರ ಮುಂದೆ ನಿಲ್ಲಿಸಿ ಅಳೆಯುತ್ತದೆ. ಶೇಕಡಾ 40 ದಾಟಿದರೆ ಅಂಗವೈಕಲ್ಯದ ಪ್ರಮಾಣಪತ್ರ, ಕಾರ್ಡು, ಮಾಸಾಶನ. ಕೈ ಉಳಿಸುವ ಗುಳಿಗೆಗೆ ದುಡ್ಡಿಲ್ಲ, ಕೈ ಹೋದ ಮೇಲೆ ಪಿಂಚಣಿಗೆ ದುಡ್ಡಿದೆ. ಇದನ್ನು ಕರುಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

‘ಜೀವನಪೂರ್ತಿ ಗುಳಿಗೆ, ಆಗಾಗ ರಕ್ತಪರೀಕ್ಷೆ, ತಾಲ್ಲೂಕು ಮಟ್ಟದಲ್ಲಿ ಇದೆಲ್ಲ ಆಗದ ಕೆಲಸ’ ಎನ್ನುವವರಿಗೆ ನನ್ನ ಉತ್ತರ ಒಂದೇ: ಎಚ್‌ಐವಿ. 2004ರ ಏಪ್ರಿಲ್‌ನಲ್ಲಿ ಉಚಿತ ಎಆರ್‌ಟಿ ಗುಳಿಗೆ ಶುರುವಾದಾಗಲೂ ಇದೇ ಮಾತು ಕೇಳಿಬಂದಿತ್ತು. ಇವತ್ತು ಹಳ್ಳಿಯ ಜನ ತಪ್ಪದೆ ಗುಳಿಗೆ ತೆಗೆದುಕೊಂಡು, ಪರೀಕ್ಷೆ ಮಾಡಿಸಿಕೊಂಡು, ದುಡಿದು ಬದುಕುತ್ತಿದ್ದಾರೆ. ಡಯಾಲಿಸಿಸ್ ಜಿಲ್ಲಾ ಕೇಂದ್ರ ದಾಟಿ ಬರುವುದಿಲ್ಲ ಎಂದಿದ್ದರು, ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಂತ್ರಗಳಿವೆ. ಅವಕ್ಕೆ ಹೋಲಿಸಿದರೆ ವಾರಕ್ಕೊಂದು ಗುಳಿಗೆ, ಕೆಲವು ತಿಂಗಳಿಗೊಂದು ರಕ್ತಪರೀಕ್ಷೆ ಯಾವ ಲೆಕ್ಕ?

ಆಗಬೇಕಾದದ್ದು ಇಷ್ಟು. ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡಲು ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಇನ್ನೆರಡು ಪ್ರಶ್ನೆ ಕೇಳಲಿ: ಬೆಳಿಗ್ಗೆ ಕೈ ಬಿಗಿದು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಇರುತ್ತದೆಯೇ, ಕೀಲುಗಳು ಆರು ವಾರಕ್ಕಿಂತ ಹೆಚ್ಚು ಕಾಲ ಬಾತಿವೆಯೇ? ಹೌದೆಂದವರನ್ನು ಆರೋಗ್ಯ ಮಂದಿರದಿಂದ ನೇರ ತಾಲ್ಲೂಕು ಆಸ್ಪತ್ರೆಗೆ ಕಳಿಸಲಿ. ಅಲ್ಲಿನ ಫಿಸಿಷಿಯನ್‌ಗೆ ಈ ಕಾಯಿಲೆಯಲ್ಲಿ ತರಬೇತಿ ಸಿಗಲಿ, ಇ-ಸಂಜೀವನಿ ದೂರವೈದ್ಯ ಸೇವೆಯಲ್ಲಿ ರುಮಟಾಲಜಿ ತಜ್ಞರ ಸಲಹೆಗೆ ಗೊತ್ತುಪಡಿಸಿದ ದಿನ ಇರಲಿ. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತಿದೆ, ಅದರ ಜೊತೆಗೆ ಇನ್ನೊಂದು ವೈದ್ಯಕೀಯ ಕಾಲೇಜು ಊರಲ್ಲಿದೆ. ತಿಂಗಳಿಗೊಂದು ದಿನ ಒಂದೊಂದು ತಾಲ್ಲೂಕಿಗೆ ಕೀಲುರೋಗದ ಶಿಬಿರ ಕಳಿಸುವುದು ಅವಕ್ಕೆ ಭಾರವಲ್ಲ. ಕಣ್ಣಿನ ಪೊರೆಗೆ ದಶಕಗಳಿಂದ ಶಿಬಿರ ಮಾಡಿದ ನಾಡು ಇದು. ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಔಷಧ ನಿಯಂತ್ರಣ ಇಲಾಖೆ ಮೂವರೂ ಸೇರಿ ಚೀಟಿಯಿಲ್ಲದ ಸ್ಟೀರಾಯ್ಡ್ ಮಾರಾಟದ ಲೆಕ್ಕ ತೆಗೆಯಲಿ. ಮಹಿಳಾ ಸ್ವಸಹಾಯ ಸಂಘಗಳು ವಾರದ ಸಭೆಯಲ್ಲಿ ಒಮ್ಮೆ ಎಲ್ಲರ ಕೈಯನ್ನು ಮುಂದೆ ಚಾಚಿಸಿ ನೋಡಲಿ. ಗಂಡಸರು, ಅತ್ತೆಯಂದಿರು ‘ಮದ್ದಿಲ್ಲ’ ಎನ್ನುವುದನ್ನು ಇವತ್ತೇ ನಿಲ್ಲಿಸಿ, ಅವಳನ್ನು ಬಸ್ಸು ಹತ್ತಿಸಲಿ.

ಚನ್ನಗಿರಿ, ಹೊನ್ನಾಳಿ, ಜಗಳೂರು ಕ್ಷೇತ್ರಗಳ ಶಾಸಕರು ಮುಂದಿನ ತಾಲ್ಲೂಕು ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಆರೋಗ್ಯಾಧಿಕಾರಿಯನ್ನು ಎದ್ದು ನಿಲ್ಲಿಸಿ ಕೇಳಲಿ: ನಮ್ಮ ಆಸ್ಪತ್ರೆಯ ಔಷಧ ಕೊಠಡಿಯಲ್ಲಿ ಮೆಥೋಟ್ರೆಕ್ಸೇಟ್ ಇದೆಯೇ, ಫೋಲಿಕ್ ಆಮ್ಲ ಇದೆಯೇ, ಲಿವರ್ ಪರೀಕ್ಷೆ ಇಲ್ಲೇ ಆಗುತ್ತದೆಯೇ, ಎಷ್ಟು ಜನ ಸಂಧಿವಾತದ ಹೆಂಗಸರ ಹೆಸರು ರಿಜಿಸ್ಟರಿನಲ್ಲಿದೆ? ಇಲ್ಲ ಎಂಬ ಉತ್ತರ ಬಂದರೆ ಅದನ್ನು ನಡಾವಳಿಯಲ್ಲಿ ಬರೆಸಲಿ, ಯಾವ ತಾರೀಕಿನೊಳಗೆ ತರಿಸುತ್ತೀರಿ ಎಂಬುದನ್ನೂ ಅದೇ ಪುಟದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಲಿ.